ಹೆಸರು ಒಂದೂರಿಂದು, ಹಣ್ಣು ಇನ್ನೊಂದೂರಿಂದು

ನಮ್ಮನೇಲಿ ಅಕ್ಕಿ ಡ್ರಮ್ಮಿನ ಹಿಂದೆ ಒಂದು ವೈನ್ ಬಾಟ್ಲಿ ಕೂತು ಎಂಟು ತಿಂಗ್ಳಾಯ್ತು. ಮುಚ್ಚಳ ತೆಗ್ದಿಲ್ಲ. ತೆಗಿಯೋ ಹಾಗೂ ಇಲ್ಲ, ಬಿಸಾಕೋ ಹಾಗೂ ಇಲ್ಲ. ಹಬ್ಬಕ್ಕೆ ಸುಣ್ಣ ಹೊಡ್ಯೋವಾಗ ಒಂದ್ಸಲ ಅದನ್ನ ಅಟ್ಟದ ಮೇಲೆ ಇಟ್ಟೆ, ಆಮೇಲೆ ಮತ್ತೆ ಅಲ್ಲೇ ತಂದಿಟ್ಟೆ. ಆ ಬಾಟ್ಲಿ ನಮ್ಮನೇಲಿ ಯಾರ ಹೊಟ್ಟೆಗೂ ಹೋಗ್ಲಿಲ್ಲ, ಆದ್ರೂ ಒಂದು ದೊಡ್ಡ ಜಗಳ ಮಾಡಿಸ್ತು. ಆ ಜಗಳದ ವಿಷ್ಯ ಬರೀಬೇಕು ಅಂತ ಬಹಳ ದಿನದಿಂದ ಅನ್ಕೊಂಡಿದ್ದೆ. ನಮ್ಮ ಮರ್ಯಾದೆ ನಾವೇ ಕಳ್ಕೊಳ್ಳೋ ವಿಷ್ಯ ಆದ್ರಿಂದ ಇಷ್ಟು ದಿನ ಬರೀಲಿಲ್ಲ.

ಬಾಟ್ಲಿ ತಂದವನು ನಮ್ಮಕ್ಕನ ಮಗ. ಪೋರ್ಚುಗಲ್ ದೇಶದಲ್ಲಿ ಕಂಪ್ಯೂಟರ್ ಕೆಲ್ಸ ಅವನಿಗೆ. ಎರಡು ವರ್ಷಕ್ಕೊಂದ್ಸಲ ಬರ್ತಾನೆ. ಬಂದಾಗೆಲ್ಲ ಚಾಕ್ಲೇಟು, ಸೋಪು ತರೋನು, ಈ ಸಲ ಬಟ್ಟೇಲಿ ಸುತ್ತಿ ಇದನ್ನ ತಂದ. "ಚಿಕ್ಕವ್ವ, ಚಿಕ್ಕಪ್ಪಂಗೆ" ಅಂತ ಕೊಟ್ಟ. ಜಗುಲಿ ಮೇಲೆ ಅವರೆಕಾಳು ಬಿಡಿಸ್ತಾ ಕೂತಿದ್ದ ನಮ್ಮತ್ತೆ ತಲೆ ಎತ್ತಿ ನೋಡಿದ್ರು.

"ಏನ್ಲಾ ಅದು?"

"ವೈನು ಅಜ್ಜಿ. ದ್ರಾಕ್ಷಿ ರಸ."

"ರಸ ಅಂತೆ ರಸ. ಬಾಟ್ಲೀಲಿ ಬಂದದ್ದು ಯಾವ್ದೂ ಈ ಮನೆ ಹೊಸ್ಲು ದಾಟಾಕಿಲ್ಲ. ತಗೊಂಡೋಗಿ ಆಚೆ ಮಡುಗು."

ಅತ್ತೆ ಹಾಗಂದಿದ್ರಲ್ಲಿ ತಪ್ಪೇನೂ ಇಲ್ಲ. ನಮ್ಮ ಮಾವ ಹೋಗಿದ್ದು ಸಾರಾಯಿಂದ. ಪ್ಯಾಕೆಟ್ ಸಾರಾಯಿ ಕಾಲ ನೋಡಿದವ್ರಿಗೆ ನಾನು ಬಿಡಿಸಿ ಹೇಳೋದು ಬ್ಯಾಡ. ಗದ್ದೆ ಕೂಲಿ ಬಂದ ಸಂಜೆ ಅರ್ಧ ದುಡ್ಡು ಪ್ಯಾಕೆಟ್ಟಿಗೆ. 2007ರ ಜುಲೈ 1ಕ್ಕೆ ನಮ್ಮ ಕರ್ನಾಟಕದಲ್ಲಿ ಸಾರಾಯಿ ನಿಂತಾಗ ಅತ್ತೆ ದೇವ್ರ ಮುಂದೆ ಕಾಯಿ ಒಡೆದ್ರಂತೆ. ಮಾವ ಅಷ್ಟೊತ್ತಿಗೆ ಹೋಗಿ ಎರಡು ವರ್ಷ ಆಗಿತ್ತು. "ಎರಡೊರ್ಷ ಮುಂಚೆ ನಿಲ್ಸಿದ್ರೆ ಇರೋರು" ಅಂತ ಈಗ್ಲೂ ಅಂತಾರೆ. ಅದೇ 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಅಂತಾನೂ ಒಂದು ತಂತು, ದ್ರಾಕ್ಷಿ ಬೆಳೆಯೋ ರೈತರಿಗೆ ಬೆಲೆ ಸಿಗ್ಲಿ ಅಂತ. ಒಂದು ಕೈಲಿ ಮುಚ್ಚಿದ್ರು, ಒಂದು ಕೈಲಿ ತೆಗೆದ್ರು ಅಂತ ಯಾರಾದ್ರೂ ಅಂದ್ರೆ ನಾನು ಇಲ್ಲ ಅನ್ನಲ್ಲ. ಹಾಗಾಗಿ ಇದು ವೈನ್ ಕುಡೀರಿ ಅಂತ ಹೇಳೋ ಬರಹ ಅಲ್ಲ. ನನಗೆ ಅದರ ರುಚಿ ಗೊತ್ತಿಲ್ಲ, ಗೊತ್ತು ಮಾಡ್ಕೊಳ್ಳೋ ಆಸೇನೂ ಇಲ್ಲ. ನನ್ನ ತಲೆ ಕೆಡ್ಸಿದ್ದು ಬಾಟ್ಲಿ ಮೇಲಿನ ಚೀಟಿ.

ಊಟ ಆದ್ಮೇಲೆ ಹುಡುಗ ಹಿತ್ಲಲ್ಲಿ ಕೂತು ಆ ಚೀಟಿ ಓದಿ ಹೇಳ್ತಾ ಇದ್ದ. ದೊಡ್ಡಕ್ಷರದಲ್ಲಿ 'ಡೋರು' ಅಂತ ಬರೆದಿತ್ತು. ಅದು ಕಂಪ್ನಿ ಹೆಸರಲ್ಲ, ಒಂದು ಹೊಳೆ ಹೆಸರು. ಸ್ಪೇನಿನಿಂದ ಹರಿದು ಬಂದು ಪೋರ್ಟೊ ಅನ್ನೋ ಊರಲ್ಲಿ ಸಮುದ್ರ ಸೇರುತ್ತೆ. ಆ ಹೊಳೆ ಎರಡೂ ಪಕ್ಕ ಬೆಟ್ಟ. ಬೆಟ್ಟದಲ್ಲಿ ಮಣ್ಣೇ ಕಮ್ಮಿ, ಪದರ ಪದರ ಕಲ್ಲು. ಆ ಕಲ್ಲನ್ನ ಒಡ್ದು ಪುಡಿ ಮಾಡಿ, ಸುಣ್ಣ ಗಾರೆ ಇಲ್ದಂಗೆ ಕಲ್ಲಿಗೆ ಕಲ್ಲು ಜೋಡ್ಸಿ ಗೋಡೆ ಕಟ್ಟಿ, ಮೆಟ್ಲು ಮೆಟ್ಲಾಗಿ ದ್ರಾಕ್ಷಿ ಹಾಕವ್ರೆ. ಬೇಸಿಗೇಲಿ ಸುಡು ಸುಡು ಬಿಸ್ಲು, ಚಳಿಗಾಲದಲ್ಲಿ ಕೊರೆಯೋ ಚಳಿ. ಬೇರು ನೀರು ಹುಡುಕ್ಕೊಂಡು ಕಲ್ಲಿನ ಸಂದೀಲಿ ಆಳಕ್ಕೆ ಇಳಿಯುತ್ತಂತೆ. ಟೂರಿಗಾ ನಾಸಿಯೊನಾಲ್ ಅನ್ನೋ ತಳಿ, ಸಣ್ಣ ಸಣ್ಣ ಕಪ್ಪು ಹಣ್ಣು, ಇಳುವರಿ ಕಮ್ಮಿ, ಬಣ್ಣ ಗಾಢ. ಈಗ್ಲೂ ಕೆಲವು ಮನೆಗಳಲ್ಲಿ ಹಣ್ಣನ್ನ ಕಲ್ಲಿನ ತೊಟ್ಟೀಲಿ ಹಾಕಿ ಸಾಲಾಗಿ ನಿಂತು ಕಾಲಲ್ಲೇ ತುಳೀತಾರಂತೆ. "ನಮ್ಮ ಕಡೆ ಇಟ್ಟಿಗೆ ಮಣ್ಣು ತುಳ್ಯೋ ಹಂಗಾ?" ಅಂದೆ. "ಅಂಗೇ ಚಿಕ್ಕವ್ವ, ಹಾಡು ಹೇಳ್ಕೊಂಡು" ಅಂದ.

ಆಮೇಲೆ ಬಾಟ್ಲಿ ಬಾಯಿಗೆ ಅಡ್ಡ ಅಂಟಿಸಿದ್ದ ಕಾಗದದ ಪಟ್ಟಿ ತೋರಿಸ್ದ. ಅದ್ರಲ್ಲಿ ಒಂದು ನಂಬರು. ಆ ಸೀಮೆಯ ವೈನಿಗೆ ಅಂತಾನೇ ಇರೋ ಒಂದು ಸರ್ಕಾರಿ ಸಂಸ್ಥೆ ರುಚಿ ನೋಡಿ, ಪರೀಕ್ಷೆ ಮಾಡಿ, ಆಮೇಲೆ ಈ ಪಟ್ಟಿ ಕೊಡುತ್ತೆ. ಪಟ್ಟಿ ಇಲ್ದಿದ್ರೆ ಡೋರು ಅಂತ ಬರ್ಕೊಳ್ಳೋ ಹಾಗಿಲ್ಲ. ಪಕ್ಕದ ಬೆಟ್ಟದಲ್ಲಿ ಅದೇ ತಳಿ, ಅದೇ ತರ ಬೆಳೆದ್ರೂ ಆ ಹೆಸ್ರು ಸಿಗಲ್ಲ.

ಇದು ನಿನ್ನೆ ಮೊನ್ನೆ ಆದ ಕಾನೂನಲ್ಲ. 1756ರಲ್ಲಿ ಪೊಂಬಾಲ್ ಅನ್ನೋ ಮಂತ್ರಿ ಮಾಡಿದ್ದು. ಅಷ್ಟೊತ್ತಿಗೆ ಇಂಗ್ಲಿಷಿನವ್ರು ಪೋರ್ಟೊ ಬಂದರಿನಿಂದ ಹಡಗು ಹಡಗು ವೈನ್ ತಗೊಂಡು ಹೋಗ್ತಿದ್ರು. ಬಂದರಿನ ಹೆಸ್ರೇ ವೈನಿಗೂ ಬಂತು, ಪೋರ್ಟ್ ಅಂತ. ಹುಳಿಯೋದು ನಡುವೆ ನಿಲ್ಲೋ ಹಾಗೆ ಅದಕ್ಕೆ ದ್ರಾಕ್ಷಿ ಬ್ರಾಂಡಿ ಸೇರಿಸ್ತಾರೆ, ಅದ್ರಿಂದ ಹಣ್ಣಿನ ಸಿಹಿ ಉಳ್ಕೊಳ್ಳುತ್ತೆ. ವ್ಯಾಪಾರ ಜೋರಾಯ್ತು, ಮೋಸಾನೂ ಜೋರಾಯ್ತು. ತೆಳ್ಳಗಿನ ವೈನಿಗೆ ಕಪ್ಪು ಬಣ್ಣ ಬರ್ಲಿ ಅಂತ ಎಲ್ಡರ್ ಅನ್ನೋ ಗಿಡದ ಹಣ್ಣಿನ ರಸ ಬೆರೆಸೋಕೆ ಶುರು ಮಾಡಿದ್ರು. ಕೊನೆಗೆ ಕೊಳ್ಳೋರೇ ಮುಖ ತಿರುಗಿಸಿದ್ರು, ಬೆಲೆ ಬಿದ್ದೋಯ್ತು. ಆಗ ಪೊಂಬಾಲ್ ಆ ಸೀಮೇಲಿದ್ದ ಎಲ್ಡರ್ ಗಿಡಾನೆಲ್ಲ ಕೀಳಿಸ್ದ. ಎಲ್ಲಿಂದ ಎಲ್ಲಿವರೆಗೆ ಒಳ್ಳೆ ದ್ರಾಕ್ಷಿ ಸೀಮೆ ಅಂತ ಗುರುತು ಮಾಡಿ, ಮುನ್ನೂರಕ್ಕೂ ಹೆಚ್ಚು ಕಲ್ಲಿನ ಕಂಬ ನೆಡಿಸ್ದ. ಅದ್ರಲ್ಲಿ ಎಷ್ಟೋ ಕಂಬ ಇವತ್ತಿಗೂ ನಿಂತಿವೆಯಂತೆ, ಕೆಲವು ಯಾರ್ಯಾರದೋ ಮನೆ ಗೋಡೇಲಿ ಸೇರ್ಕೊಂಡಿವೆಯಂತೆ.

ನನಗೆ ತಕ್ಷಣ ನಮ್ಮ ಕಡೆ ಹೊಲದ ಬದುಗಳಲ್ಲಿ ಕಾಣೋ ವಾಮನಮುದ್ರೆ ಕಲ್ಲು, ಲಿಂಗಮುದ್ರೆ ಕಲ್ಲು ನೆನಪಾಯ್ತು. ಇಲ್ಲಿಂದ ಇಲ್ಲಿಗೆ ದೇವ್ರ ಮಾನ್ಯ, ದಾಟ್ಬೇಡ ಅಂತ ನೆಟ್ಟಿದ್ದ ಕಲ್ಲು ಅವು. ಕಲ್ಲು ನೆಟ್ಟು ಹೆಸ್ರು ಕಾಯೋದು ನಮಗೂ ಹೊಸದಲ್ಲ.

ಇಷ್ಟು ಹೇಳಿ ಹುಡುಗ ನಕ್ಕ. "ನಮ್ಮ ದೇಶದಲ್ಲಿ ಪೋರ್ಟ್ ಅಂತ ಮಾರೋದಕ್ಕೂ ಆ ಊರಿಗೂ ಸಂಬಂಧಾನೇ ಇಲ್ಲ ಗೊತ್ತಾ ಚಿಕ್ಕವ್ವ?" ಅಂದ. ಗೋವಾನ ಪೋರ್ಚುಗೀಸ್ನೋರು ಬಿಟ್ಟಿದ್ದು 1961ರಲ್ಲಿ. ಅವ್ರು ಹೋದ್ರೂ ಅವ್ರ ಹೆಸ್ರು ಇಲ್ಲೇ ಉಳೀತು. ಸಿಹಿ ಕೆಂಪು ವೈನ್ ಯಾವ್ದಾದ್ರೂ ಸರಿ, ಪೋರ್ಟ್ ಅಂತ ಕರ್ದುಬಿಡೋದು. ಅದಕ್ಕೆ ಬಳಸೋದ್ರಲ್ಲಿ ಬಹಳ ಪಾಲು ಬೆಂಗಳೂರು ಬ್ಲೂ ದ್ರಾಕ್ಷಿ. ನಾವು ಚಿಕ್ಕೋರಿದ್ದಾಗ ಸಂತೇಲಿ ತಿಂತಿದ್ದ ಕಪ್ಪು ದ್ರಾಕ್ಷಿ ಇಲ್ವಾ, ದಪ್ಪ ಸಿಪ್ಪೆ, ಒಳಗೆ ಬೀಜ, ಬಾಯಿಗೆ ಹಾಕಿದ್ರೆ ಘಮ್ ಅಂತ ಒಂದು ವಾಸ್ನೆ, ಅದೇ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರದ ಕೆಂಪು ಮಣ್ಣಲ್ಲಿ ವರ್ಷಕ್ಕೆ ಎರಡು ಬೆಳೆ ಕೊಡೋ ಬಳ್ಳಿ. 2013ರಲ್ಲಿ ಅದಕ್ಕೂ ಭೌಗೋಳಿಕ ಸೂಚಕ ಅನ್ನೋ ಗುರುತು ಸಿಕ್ತು. ತನ್ನದೇ ಹೆಸ್ರಿರೋ ಹಣ್ಣು, ಬಾಟ್ಲಿ ಒಳಗೆ ಹೋದ್ಮೇಲೆ ಇನ್ನೊಬ್ರ ಹೆಸ್ರು ಹೇಳ್ಕೊಂಡು ಓಡಾಡುತ್ತೆ.

ಎಲ್ಲರೂ ಹಾಗೇ ಮಾಡವ್ರೆ ಅಂತಲ್ಲ. ಕನ್ವಲ್ ಗ್ರೋವರ್ ಅನ್ನೋರು ದೊಡ್ಡಬಳ್ಳಾಪುರದ ಹತ್ರ, ನಂದಿಬೆಟ್ಟದ ತಪ್ಪಲಲ್ಲಿ, ಫ್ರಾನ್ಸಿನ ತಳಿಗಳ್ನ ತಂದು ಹಾಕಿ, ಯಾವುದು ನಮ್ಮ ಮಣ್ಣಿಗೆ ಒಗ್ಗುತ್ತೆ ಅಂತ ವರ್ಷಗಟ್ಲೆ ನೋಡಿ ಆಮೇಲೆ ತೋಟ ಮಾಡಿದ್ರು. ಅದು 1980ರ ದಶಕದ ಮಾತು. ನಮ್ಮಲ್ಲಿ ಬಳ್ಳಿ ಎಲೆ ಉದುರಿಸಿ ಮಲಗೋವಷ್ಟು ಚಳಿ ಬೀಳಲ್ಲ. ಹಾಗಾಗಿ ವರ್ಷಕ್ಕೆ ಎರಡ್ಸಲ ಸವರಬೇಕು. ಬೇಸಿಗೇಲಿ ಕೊಂಬೆಗೆ ಒಂದ್ಸಲ, ಮಳೆ ಮುಗಿಯೋ ಹೊತ್ತಿಗೆ ಹಣ್ಣಿಗೆ ಒಂದ್ಸಲ. ಪೋರ್ಚುಗಲ್ಲಿನೋರು ಸೆಪ್ಟೆಂಬರಲ್ಲಿ ಹಣ್ಣು ಕಿತ್ರೆ ಇವ್ರು ಕೀಳೋದು ಶಿವರಾತ್ರಿ ಆಸುಪಾಸಲ್ಲಿ. ಬೆಂಗ್ಳೂರಿಗೆ ಹೋಗೋವಾಗ ಚನ್ನಪಟ್ಟಣದ ಹತ್ರ ಹೆರಿಟೇಜ್ ವೈನರಿ ಅಂತ ಬೋರ್ಡು ನೀವೂ ನೋಡಿರ್ತೀರ. ಅವ್ರೆಲ್ಲ ತಮ್ಮ ಹೆಸ್ರು, ತಮ್ಮೂರ ಹೆಸ್ರು ಇಟ್ಕೊಂಡೇ ಮಾರ್ತಾರೆ. ಕುಡಿಯೋದು ಬಿಡೋದು ಬೇರೆ ಮಾತು, ಇದು ನನಗೆ ಸರಿ ಅನ್ನಿಸ್ತು.

ಹಾಗಂತ ನಾನು ದೊಡ್ಡದಾಗಿ ಹೇಳ್ದೆ ಕೂಡ. "ಊರ ಹೆಸ್ರು ಕದಿಯೋದು ಅಂದ್ರೆ ಊರಿನ ಗದ್ದೆ ಕದ್ದಂಗೆ ಕಣಪ್ಪ" ಅಂದೆ. ಹುಡುಗ ಒಂದು ನಿಮಿಷ ಸುಮ್ನಿದ್ದ. ಆಮೇಲೆ ಮೆಲ್ಲಗೆ, "ಚಿಕ್ಕವ್ವ, ಅಂಗಡೀಲಿ ಬೋರ್ಡು ನೋಡ್ದೆ. ನಂಜನಗೂಡು ರಸಬಾಳೆ ಅಂತ. ಹಣ್ಣು ಎಲ್ಲಿಂದು?" ಅಂದ.

ಈಗ ಅಂಗಡಿ ವಿಷ್ಯ ಹೇಳ್ಬೇಕು. ನಮಗೆ ಗುಡಿ ಹತ್ರ ಒಂದು ಪುಟ್ಟ ಅಂಗಡಿ ಇದೆ. ಎಳನೀರು, ಸೀಬೆಹಣ್ಣು, ಸೌತೆಕಾಯಿ, ಬಾಳೆಹಣ್ಣು, ನೀರಿನ ಬಾಟ್ಲಿ. 2023ರಲ್ಲಿ ನಮ್ಮ ಕೇಶವ ದೇವಸ್ಥಾನ, ಬೇಲೂರು, ಹಳೇಬೀಡು ಮೂರನ್ನೂ ಯುನೆಸ್ಕೊದೋರು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ಮೇಲೆ ದೂರದೂರಿನ ಜನಾನೂ ಅಂಗಡಿ ಮುಂದೆ ನಿಲ್ತಾರೆ. ಮೈಸೂರು ಕಡೆ ಬಂದೋರು ಕೇಳೋದೇ, "ನಂಜನಗೂಡು ರಸಬಾಳೆ ಇದ್ಯಾ?" ಇಲ್ಲ ಅಂದ್ರೆ ಮುಂದಿನ ಅಂಗಡಿಗೆ ಹೋಗ್ತಾರೆ. ಒಂದಿನ ನಮ್ಮೋರು ಹಲಗೆ ಮೇಲೆ ಬಣ್ಣದಲ್ಲಿ ಬರೆದೇಬಿಟ್ರು, ನಂಜನಗೂಡು ರಸಬಾಳೆ ಸಿಗುತ್ತದೆ ಅಂತ. ಹಣ್ಣು ಮಂಡಿಯಿಂದ ಬರೋದು. ಬಹಳ ಸಲ ತಮಿಳ್ನಾಡಿನ ರಸ್ತಾಳಿ. ನೋಡೋಕೆ ಅಕ್ಕ ತಂಗಿ ಇದ್ದಂಗೆ, ಒಂದೇ ಜಾತಿ ಹಣ್ಣು. ಗೊತ್ತಿಲ್ದೋರಿಗೆ ವ್ಯತ್ಯಾಸ ತಿಳಿಯಲ್ಲ. ಬೋರ್ಡಿಲ್ದೆ ಕೆಜಿಗೆ ಎಂಬತ್ತಕ್ಕೆ ಹೋಗ್ತಿದ್ದ ಹಣ್ಣು ಬೋರ್ಡ್ ಬಂದ್ಮೇಲೆ ನೂರಿಪ್ಪತ್ತಕ್ಕೆ ಹೋಯ್ತು. ಆ ನಲವತ್ತು ರೂಪಾಯಿ ಯಾರದು? ಮಗಳ ಕಾಲೇಜು ಫೀಸಿನಲ್ಲಿ ಅದರ ಪಾಲೂ ಇದೆ. ನಾನೂ ದಿನಾ ಅದೇ ಹಲಗೆ ಕೆಳಗೆ ಕೂತು ತಕ್ಕಡಿ ಹಿಡಿದೋಳೇ. ಹುಡುಗನಿಗೆ ಏನು ಹೇಳ್ಲಿ? "ಮಂಡೀದು ಕಣಪ್ಪ" ಅಂದೆ. ಅವನು ಮುಂದಕ್ಕೆ ಕೇಳ್ಲಿಲ್ಲ. ಕೇಳಿದ್ರೇ ವಾಸಿಯಾಗಿತ್ತು.

ನಿಜವಾದ ರಸಬಾಳೆ ತಿಂದಿರೋರು ಈಗ ಎಷ್ಟು ಜನ ಅವ್ರೋ. ನಮ್ಮವ್ವ ನಂಜನಗೂಡಿನ ಜಾತ್ರೆಗೆ ಹೋದಾಗ ತರ್ತಿದ್ರು. ಸಿಪ್ಪೆ ಕಾಗದದಂಗೆ ತೆಳು, ತಿರುಳು ಬೆಣ್ಣೆ. ಮನೆಗೆ ತಂದಿಟ್ರೆ ಪಡಸಾಲೆ ತುಂಬ ವಾಸ್ನೆ. ದೇವರಸನಹಳ್ಳಿ ಕಡೆ ತೋಟದ ಹಣ್ಣು ಅಂದ್ರೆ ಕಣ್ಮುಚ್ಚಿ ಕೊಳ್ಳೋರು. ಕಪಿಲೆ ಬಯಲಿನ ಕಪ್ಪು ಮಣ್ಣಿನ ಗುಣ ಅಂತ ಹಳಬರು ಹೇಳೋರು. ಆಮೇಲೆ ಪನಾಮ ಸೊರಗು ರೋಗ ಬಂತು. ಅದು ಮಣ್ಣಲ್ಲಿರೋ ಬೂಷ್ಟು. ಬೇರಿಂದ ಹತ್ತಿ ದಿಂಡಿಗೆ ಹೋಗಿ ನೀರು ಹರಿಯೋ ದಾರಿ ಮುಚ್ಚಿಬಿಡುತ್ತೆ. ಕೆಳಗಿನ ಎಲೆ ಹಳದಿಯಾಗಿ ಜೋತು ಬೀಳುತ್ತೆ, ಆಮೇಲೆ ಇಡೀ ಗಿಡ. ಒಂದ್ಸಲ ಮಣ್ಣಿಗೆ ಸೇರಿದ್ರೆ ಹತ್ತಾರು ವರ್ಷ ಹೋಗಲ್ಲ. ಬೆಳೆಗಾರರು ಒಬ್ಬೊಬ್ಬರಾಗಿ ಬಿಟ್ಟು ಬೇರೆ ಬೆಳೆಗೆ, ಬೇರೆ ಬಾಳೆಗೆ ಹೋದ್ರು. ರಸಬಾಳೆಗೆ ಭೌಗೋಳಿಕ ಸೂಚಕದ ಗುರುತು ಸಿಕ್ಕಿ ಸುಮಾರು ಎರಡು ದಶಕ ಆಯ್ತು. ಅಷ್ಟರಲ್ಲಿ ಹಣ್ಣೇ ಅಪರೂಪ ಆಗೋಗಿತ್ತು. ಉಳಿದಿದ್ದು ಹೆಸ್ರು. ಕಾಯೋರಿಲ್ದ ಹೆಸ್ರು ಅಂದ್ರೆ ಬೇಲಿ ಇಲ್ದ ಹೊಲ ಇದ್ದಂಗೆ, ನಮ್ಮಂಥೋರು ನುಗ್ಗಿ ಮೇಯ್ಸಿದ್ವಿ.

ದ್ರಾಕ್ಷಿಗೂ ಇಂಥದೇ ಗಂಡಾಂತರ ಬಂದಿತ್ತು. ಫಿಲಾಕ್ಸೆರಾ ಅನ್ನೋ ಸಣ್ಣ ಹೇನಿನಂಥ ಹುಳ ಅಮೆರಿಕದಿಂದ ಬಂದು ಯುರೋಪಿನ ಬಳ್ಳಿ ಬೇರು ತಿಂದಾಕ್ತು. 1860ರ ದಶಕದಲ್ಲಿ ಡೋರುಗೂ ಬಂತು. ಮೆಟ್ಲು ಮೆಟ್ಲು ತೋಟ ಒಣಗಿ, ಎಷ್ಟೋ ಜನ ಊರು ಬಿಟ್ರು. ಕೊನೆಗೆ ಸಿಕ್ಕ ಉಪಾಯ ಏನಂದ್ರೆ, ಹುಳಕ್ಕೆ ಬಗ್ಗದ ಅಮೆರಿಕದ ಬಳ್ಳಿ ಬೇರಿಗೆ ತಮ್ಮ ತಳಿ ಕಸಿ ಕಟ್ಟೋದು. ಇವತ್ತಿಗೂ ಅಲ್ಲಿನ ಬಳ್ಳಿಗಳು ಬಹುಪಾಲು ಹಾಗೇ, ಬೇರು ಅವ್ರದು, ಹಣ್ಣು ಇವ್ರದು. ಬಾಳೆಗೆ ಹಾಗೆ ಕಸಿ ಕಟ್ಟೋಕಾಗಲ್ಲ. ರೋಗ ಇಲ್ದ ಅಂಗಾಂಶ ಕೃಷಿ ಸಸಿ ತಂದು, ರೋಗ ಇಲ್ದ ಮಣ್ಣಲ್ಲಿ ನೆಡ್ಬೇಕು. ಅದಕ್ಕೆ ದುಡ್ಡು ಬೇಕು, ತಾಳ್ಮೆ ಬೇಕು. ಕಷ್ಟಪಟ್ಟು ಬೆಳ್ದವನಿಗೆ ಬೆಲೆ ಸಿಗ್ಬೇಕಲ್ಲ, ಅದನ್ನ ನಮ್ಮ ಹಲಗೆ ತಿಂದಾಕ್ತಿತ್ತು.

ಆ ಹೊತ್ತಲ್ಲಿ ಡೋರುವಿನಲ್ಲಿ ಒಬ್ಬ ಹೆಂಗಸು ಇದ್ಲಂತೆ, ಅಂತೋನಿಯಾ ಫೆರೇರಾ ಅಂತ. 1811ರಲ್ಲಿ ಹುಟ್ಟಿ 1896ರವರೆಗೆ ಬದುಕಿದ್ಲು. ಮೂವತ್ತಮೂರಕ್ಕೆ ಗಂಡ ಹೋದ. ಮನೆ, ತೋಟ, ವ್ಯಾಪಾರ ಎಲ್ಲ ತಾನೇ ನೋಡ್ಕೊಂಡು, ಹೊಸ ತೋಟ ಕಟ್ಟಿಸಿದ್ಲು. ಜನ ಪ್ರೀತಿಯಿಂದ ಫೆರೆರಿನ್ಯಾ ಅಂತ ಕರೀತಿದ್ರು, ನಮ್ಮಲ್ಲಿ ಪುಟ್ಟಮ್ಮ ಚಿಕ್ಕಮ್ಮ ಅನ್ನೋ ಹಾಗೆ. 1861ರಲ್ಲಿ ಅವಳು ಹೋಗ್ತಿದ್ದ ದೋಣಿ ಆ ಹೊಳೆ ಸುಳೀಲಿ ಮಗುಚಿ, ಜೊತೇಲಿದ್ದ ಫಾರೆಸ್ಟರ್ ಅನ್ನೋ ದೊಡ್ಡ ವ್ಯಾಪಾರಿ ಮುಳುಗೋದ. ಇವಳ ಅಗಲವಾದ ಲಂಗ ಕೊಡೆ ಥರ ಗಾಳಿ ಹಿಡಿದು ತೇಲಿಸ್ತು ಅಂತ ಕತೆ. ಇದನ್ನ ಕೇಳಿ ಅತ್ತೆ ಅವರೆಕಾಳು ಬಿಟ್ಟು ಈ ಕಡೆ ತಿರುಗಿದ್ರು. "ನಮ್ಮ ಅಲಮೇಲಮ್ಮ ಮಾಲಂಗೀಲಿ ಒಡ್ವೆ ಕಟ್ಕೊಂಡು ಮುಳುಗೋದ್ಲು, ಅವಳು ಲಂಗ ಹಾಕ್ಕೊಂಡು ತೇಲ್ಬುಟ್ಲಾ?" ಅಂದ್ರು. ಎಲ್ಲರೂ ನಕ್ವಿ. ಬಾಟ್ಲಿ ಆಚೆಗೆ ಹೋಗೋದು ತಪ್ಪಿ ಅಕ್ಕಿ ಡ್ರಮ್ಮಿನ ಹಿಂದೆ ಜಾಗ ಸಿಕ್ಕಿದ್ದು ಆ ನಗೂನಿಂದ್ಲೇ.

ಅವಳು ಕಟ್ಟಿಸಿದ ತೋಟಗಳಲ್ಲಿ ಒಂದು ವಾಲೆ ಮ್ಯಾಂವ್. ಅಲ್ಲಿ ದ್ರಾಕ್ಷಿಯಿಂದ್ಲೇ ಫೆರ್ನಾಂಡೊ ನಿಕೊಲಾವ್ ದೆ ಅಲ್ಮೇಡಾ ಅನ್ನೋನು 1952ರಲ್ಲಿ ಬಾರ್ಕಾ ವೆಲ್ಯಾ ಅನ್ನೋ ಕೆಂಪು ವೈನ್ ಮಾಡ್ದ. ಅಲ್ಲಿವರೆಗೂ ಡೋರು ಅಂದ್ರೆ ಸಿಹಿ ಪೋರ್ಟೇ. ಬ್ರಾಂಡಿ ಸೇರಿಸ್ದೆ, ಸಿಹಿ ಇಲ್ದೆ, ಬರೀ ದ್ರಾಕ್ಷಿದೇ ಒಳ್ಳೆ ವೈನ್ ಆ ಸೀಮೇಲಿ ಆಗುತ್ತೆ ಅಂತ ತೋರಿಸಿದೋನು ಇವನು. ಹುಳಿಯೋವಾಗ ತೊಟ್ಟಿ ಕಾವೇರಿದ್ರೆ ಕೆಟ್ಟೋಗುತ್ತೆ, ಆ ತೋಟಕ್ಕೆ ಕರೆಂಟೇ ಇರ್ಲಿಲ್ಲ. ಅದಕ್ಕೆ ಸಮುದ್ರದ ಕಡೆಯಿಂದ ಲಾರೀಲಿ ಮರದ ಹೊಟ್ಟು ಮುಚ್ಚಿ ರಾತ್ರಿಯೆಲ್ಲ ಮಂಜುಗಡ್ಡೆ ಸಾಗಿಸ್ತಿದ್ರಂತೆ. ಎಲ್ಲ ವರ್ಷಾನೂ ಆ ಹೆಸ್ರಲ್ಲಿ ವೈನ್ ಬಿಡಲ್ಲ, ಚೆನ್ನಾಗಿ ಬಂದ ವರ್ಷ ಮಾತ್ರ. ನನಗೆ ಬಹಳ ಹಿಡಿಸಿದ್ದು ಈ ಕೊನೇ ಮಾತು. ಬೆಳೆ ಚೆನ್ನಾಗಿ ಬರ್ದಿದ್ರೆ ಹೆಸ್ರು ಹಾಕದೆ ಇರೋದಕ್ಕೆ ಎಷ್ಟು ಗಟ್ಟಿ ಎದೆ ಬೇಕು! ನಮ್ಮ ಗುಡಿ ಶಿಲ್ಪಿ ಮಲ್ಲಿತಮ್ಮನೂ ಹಾಗೇ ಅಲ್ವಾ. 1258ರಲ್ಲಿ ಸೋಮನಾಥ ದಂಡನಾಯಕ ಕಟ್ಟಿಸಿದ ಗುಡಿ ಅದು. ಕೆತ್ತಿದ ವಿಗ್ರಹದ ಕೆಳಗೆ ಮಲ್ಲಿತಮ್ಮ ತನ್ನ ಹೆಸ್ರು ಕೆತ್ತಿದ್ದಾನೆ. ಹೆಸ್ರು ಹಾಕೋದು ಅಂದ್ರೆ ಇದಕ್ಕೆ ನಾನು ಜವಾಬ್ದಾರಿ ಅಂತ. ಆ ಗುಡಿ ಮುಂದೇನೇ ಕೂತು ನಾವು ಇನ್ನೊಬ್ರ ಹೆಸ್ರಲ್ಲಿ ಹಣ್ಣು ಮಾರ್ತಿದ್ವಿ.

ಹುಡುಗ ಊರಿಗೆ ಹೋದ್ಮೇಲೆ ನಾನು ಬೋರ್ಡ್ ತೆಗೀರಿ ಅಂದೆ. ಅಲ್ಲಿಂದ ಜಗಳ.

"ನಾವೊಬ್ರೇನಾ ಮಾರದು? ಊರಿಗೂರೇ ಮಾರ್ತದೆ. ಬೆಂಗ್ಳೂರಲ್ಲಿ ಬೀದಿಗೊಂದು ಬನ್ನೂರು ಕುರಿ ಮಾಂಸ ಅಂತ ಬೋರ್ಡು. ಅಷ್ಟು ಕುರಿ ಬನ್ನೂರಲ್ಲಿ ಎಲ್ಲವೆ?" ಅಂದ್ರು ನಮ್ಮೋರು.

"ಅವ್ರು ಮಾಡಿದ್ರೆ ನಾವೂ ಮಾಡ್ಬೇಕಾ?"

"ತಿಂದೋನು ಸಿಹಿಯಾಗದೆ ಅಂತ ನಗ್ತಾ ಹೋಯ್ತಾನೆ. ಯಾರಿಗೆ ನಷ್ಟ ಹೇಳಮ್ಮಿ?"

ಈ ಪ್ರಶ್ನೆಗೆ ಉತ್ತರ ಹುಡುಕೋಕೆ ನನಗೆ ಎರಡು ದಿನ ಬೇಕಾಯ್ತು. ನಷ್ಟ ಮೂರು ಜನಕ್ಕೆ. ಮೊದಲ್ನೇದು, ರೋಗದ ಜೊತೆ ಗುದ್ದಾಡಿ ನಿಜವಾದ ರಸಬಾಳೆ ಬೆಳ್ದಿರೋ ನಂಜನಗೂಡಿನ ರೈತನಿಗೆ. ನಮ್ಮ ಸುಳ್ಳು ಹಣ್ಣು ಅವನ ನಿಜವಾದ ಹಣ್ಣಿನ ಬೆಲೇನ ಇಳಿಸ್ತು. ಎರಡ್ನೇದು, ತಿಂದವ್ರಿಗೆ. ಇಷ್ಟೇನಾ ರಸಬಾಳೆ ಅಂದ್ರೆ ಅಂತ ಅನ್ಕೊಂಡು ಹೋದೋರು ಮತ್ತೆ ಯಾವತ್ತೂ ಕೇಳಲ್ಲ. ಮೂರ್ನೇದು, ರಸ್ತಾಳಿ ಬೆಳ್ದ ತಮಿಳ್ನಾಡಿನ ರೈತನಿಗೆ. ಅದೂ ಒಳ್ಳೆ ಹಣ್ಣೇ. ಅವನ ಬೆವರಿಗೆ ಅವನ ಹೆಸ್ರೇ ಇಲ್ದಂಗೆ ಮಾಡಿದ್ವಿ. ಬೆಂಗಳೂರು ಬ್ಲೂಗೆ ಪೋರ್ಟ್ ಅಂತ ಹೆಸ್ರಿಟ್ಟು ಮಾಡಿದ್ದೂ ಇದೇ ತಪ್ಪು.

ಕಾನೂನಿಗೂ ಇದು ತಪ್ಪೇ. 1999ರಲ್ಲಿ ಆದ ಭೌಗೋಳಿಕ ಸೂಚಕಗಳ ಕಾಯ್ದೆ ಪ್ರಕಾರ ಸುಳ್ಳು ಹೆಸ್ರಲ್ಲಿ ಮಾರಿದ್ರೆ ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ದಂಡ. ನಾನು ಇದನ್ನ ಹೇಳಿದಾಗ ನಮ್ಮೋರು, "ಹಂಗಾದ್ರೆ ಅರ್ಧ ಊರು ಜೈಲಲ್ಲಿರ್ಬೇಕಾಗಿತ್ತು" ಅಂದ್ರು. ಅದೂ ನಿಜವೇ. ಬಾಳೆಹಣ್ಣಿನ ಗಾಡಿಯೋನ್ನ ಜೈಲಿಗೆ ಹಾಕಿ ಅಂತ ನಾನಂತೂ ಹೇಳಲ್ಲ. ಪೋರ್ಚುಗಲ್ಲಲ್ಲಿ ಬರೀ ಕಟ್ಟುನಿಟ್ಟಿಂದ ಏನಾಯ್ತು ಅಂತ ಹುಡುಗ ಹೇಳಿದ್ದ. ಪೊಂಬಾಲ್ ವೈನ್ ವ್ಯಾಪಾರಾನೆಲ್ಲ ಒಂದೇ ಕಂಪ್ನಿ ಕೈಗೆ ಕೊಟ್ಟ. ಪೋರ್ಟೊ ಊರಲ್ಲಿ ಸಣ್ಣ ಪುಟ್ಟ ಹೆಂಡದಂಗಡಿ ಇಟ್ಕೊಂಡಿದ್ದೋರ ಹೊಟ್ಟೆ ಮೇಲೆ ಬಿತ್ತು. 1757ರಲ್ಲಿ ಗಂಡಸ್ರು ಹೆಂಗಸ್ರು ಬೀದಿಗಿಳಿದು ದಂಗೆ ಎದ್ರು, ಸರ್ಕಾರ ಎಷ್ಟೋ ಜನರನ್ನ ಗಲ್ಲಿಗೆ ಹಾಕ್ತು. ಈಗ ಇಷ್ಟೆಲ್ಲ ಹೆಸ್ರಿದ್ರೂ, 2024ರಲ್ಲಿ ಅಲ್ಲಿನ ಸಣ್ಣ ಬೆಳೆಗಾರರು ದ್ರಾಕ್ಷಿ ಕೊಳ್ಳೋರಿಲ್ಲ ಅಂತ ಬೀದಿಗೆ ಬಂದಿದ್ರು. 2001ರಲ್ಲೇ ಆ ತೋಟಗಳಿಗೂ ನಮ್ಮ ಗುಡಿ ಹಾಗೇ ವಿಶ್ವ ಪರಂಪರೆ ಪಟ್ಟ ಸಿಕ್ಕಿತ್ತು. ಹೆಸ್ರು ಬಂದ ತಕ್ಷಣ ರೈತನ ಮನೇಲಿ ಹಾಲು ಉಕ್ಕುತ್ತೆ ಅಂತ ನಾನೂ ನಂಬಲ್ಲ. ದೊಡ್ಡೋರು ಹೆಸ್ರಿನ ಬೆಣ್ಣೆ ತಗೊಂಡು ಸಣ್ಣೋರಿಗೆ ಮಜ್ಜಿಗೆ ಬಿಡೋದು ಎಲ್ಲಾ ಕಡೆ ಇದೆ.

ಆದ್ರೂ ಹೆಸ್ರು ಇಲ್ದಿದ್ರೆ ಆ ಮಜ್ಜಿಗೇನೂ ಸಿಗಲ್ಲ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಗುರುತಿನ ಕಾಗದ ಕೊಟ್ಟು ಕೈ ತೊಳ್ಕೊಂಡ್ರೆ ಸಾಲ್ದು. ನಿಜವಾದ ಹಣ್ಣಿನ ಗೊನೆ ಮೇಲೆ, ಆ ಬಾಟ್ಲಿ ಬಾಯಿಗೆ ಇದ್ದ ಹಾಗೆ, ನಂಬರಿರೋ ಒಂದು ಚೀಟಿ ಬರ್ಲಿ. ಯಾವ ಊರು, ಯಾವ ತೋಟ ಅಂತ ಗೊತ್ತಾಗ್ಲಿ. ರೋಗ ಇಲ್ದ ಸಸಿ ಬೆಳೆಯೋರ ಕೈಗೆ ಕಡ್ಮೆ ಬೆಲೇಲಿ ಸಿಗ್ಲಿ. ಮಾರೋ ನಾವು ಬೇರೆ ಹಣ್ಣಿಗೆ ಅದರದೇ ಹೆಸ್ರು ಹೇಳಿ ಮಾರೋಣ. ಕೊಳ್ಳೋ ನೀವು "ಎಲ್ಲಿಂದು?" ಅಂತ ಒಂದು ಮಾತು ಕೇಳಿ. ನಮ್ಮ ಹುಡುಗ ಕೇಳಿದ್ನಲ್ಲ, ಹಾಗೆ. ಆ ಒಂದು ಮಾತು ಎರಡು ಲಕ್ಷದ ದಂಡಕ್ಕಿಂತ ಜಾಸ್ತಿ ನನಗೆ ತಾಗ್ತು.

ಬೋರ್ಡ್ ಕೊನೆಗೂ ಇಳೀತು. ನಾನು ಗೆದ್ದೆ ಅಂತ ಅನ್ಕೋಬೇಡಿ. ಅತ್ತೆ ಒಂದಿನ ಅಂಗಡೀಗೆ ಬಂದು ಕೂತಿದ್ರು. ನಂಜನಗೂಡು ಕಡೆಯಿಂದ ಬಂದ ಒಬ್ಬ ಮುದುಕಪ್ಪ ಹಣ್ಣು ಕೈಲಿ ಹಿಡಿದು ಮೂಸಿ ನೋಡಿ, ಏನೂ ಅನ್ದೆ ಅಲ್ಲೇ ಮಡಗಿ ಹೋದ್ರಂತೆ. ಆವತ್ತು ರಾತ್ರಿ ಅತ್ತೆ ಮಗಂಗೆ ಹೇಳಿದ್ದು ಒಂದೇ ಮಾತು: "ನಿಮ್ಮಪ್ಪ ಕುಡ್ದು ಮನೆ ಹಾಳ್ಮಾಡ್ದ, ಆದ್ರೆ ಒಬ್ರಿಗೂ ಸುಳ್ಳು ತಕ್ಕಡಿ ತೂಗ್ಲಿಲ್ಲ ಕಣಪ್ಪ." ಬೆಳಿಗ್ಗೆ ಹೋಗಿ ನೋಡಿದ್ರೆ ಹಲಗೆ ಮೇಲಿನ ನಂಜನಗೂಡಿಗೆ ಸುಣ್ಣ ಬಳ್ದಿದ್ರು. ಈಗ ಅದ್ರ ಮೇಲೆ ಬರೆದಿರೋದು 'ರಸ್ತಾಳಿ, ತಮಿಳ್ನಾಡು' ಅಂತ.

ವ್ಯಾಪಾರ ಬಿದ್ದಿದೆ, ಸುಳ್ಳು ಹೇಳಲ್ಲ. ವಾರಕ್ಕೆ ಸಾವಿರದಷ್ಟು ಕಮ್ಮಿ. ಮಗಳ ಫೀಸಿಗೆ ಈ ಸಲ ಸ್ವಸಹಾಯ ಸಂಘದಲ್ಲಿ ಸಾಲ ತಗೊಂಡೆ. ಪಕ್ಕದ ಗಾಡಿಯೋರು ಹಳೇ ಹೆಸ್ರಲ್ಲೇ ಮಾರ್ತಾವ್ರೆ, ನಮ್ಮನ್ನ ನೋಡಿ ನಗ್ತಾರೆ. ಹಿತ್ಲ ಪಕ್ಕ ಯಾವತ್ತೂ ಬಾಳೆ ಹಾಕದ ಜಾಗದಲ್ಲಿ ಮೂವತ್ತು ರಸಬಾಳೆ ಸಸಿ ನೆಟ್ಟಿದ್ದೀವಿ. ಎರಡು ಈಗಾಗ್ಲೇ ಸೊರಗಿದ್ವು, ಬೇರು ಸಮೇತ ಕಿತ್ತು ಸುಟ್ವಿ. ಉಳಿದಿದ್ದು ಇಪ್ಪತ್ತೆಂಟು, ದಿನಾ ಬೆಳಿಗ್ಗೆ ಎದ್ದು ಮೊದ್ಲು ಅವುಗಳ ಕೆಳಗಿನ ಎಲೆ ನೋಡ್ತೀನಿ. ಗೊನೆ ಬಂದ್ರೂ ಅದಕ್ಕೆ ನಂಜನಗೂಡಿನ ಹೆಸ್ರು ಹಾಕೋ ಹಾಗಿಲ್ಲ ಅಂತ ನಮ್ಮೋರಿಗೆ ಈಗ್ಲೇ ಹೇಳಿಟ್ಟಿದ್ದೀನಿ. ಸೋಮನಾಥಪುರದ ರಸಬಾಳೆ ಅಂತ ಬರೀಲಿ. ಚೆನ್ನಾಗಿದ್ರೆ ಜನ ಆ ಹೆಸ್ರೂ ಕಲೀತಾರೆ, ಇಲ್ದಿದ್ರೆ ಮನೇಲೇ ರಸಾಯನ ಮಾಡ್ಕೊಂಡು ತಿಂದ್ರಾಯ್ತು.

ಬಾಟ್ಲಿ ಇನ್ನೂ ಅಕ್ಕಿ ಡ್ರಮ್ಮಿನ ಹಿಂದೇನೇ ಇದೆ. ಮೊನ್ನೆ ಅಕ್ಕಿ ತೆಗೆಯೋವಾಗ ಅತ್ತೆ ಅದನ್ನ ಸೆರಗಲ್ಲಿ ಒರೆಸಿ ಮತ್ತೆ ಅಲ್ಲೇ ಇಟ್ಟಿದ್ದನ್ನ ನೋಡ್ದೆ. "ಯಾಕತ್ತೆ?" ಅಂದೆ. "ಧೂಳು ಕೂತಿತ್ತು. ಆ ಚೀಟಿ ಅಳಿಸೋಗ್ದೆ ಇರ್ಲಿ, ಮೊಮ್ಮಗ ಬಂದಾಗ ವಾಪಸ್ ಕೊಟ್ಬುಡು" ಅಂದ್ರು.